ನಗ್ರಿ, ಆದ್ರ ಪೂರಾ ಓದಿ ನಗ್ರಿ

ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ಕಾಲೇಜಿನ ಯಾವ ಗ್ರೂಪ್ ತೆಗೆದು ನೋಡಿದರೂ ಈ ಧಾಟಿಯ ಒಂದು ಮೀಮ್ ಸಿಕ್ಕೇ ಸಿಗ್ತದೆ:

"ಏನ್ಲೇ ದೋಸ್ತ, ಎಷ್ಟ ಓದಿ?"
"ಏನ್ ಓದೂದ ತಗೋ. ಪುಸ್ತಕ ನನ್ನ ನೋಡಾತೈತಿ, ನಾ ಪುಸ್ತಕ ನೋಡಾತೇನಿ."

ಇದನ್ನೇ "ಗೆಳೆಯಾ, ಎಷ್ಟು ಓದಿದ್ದೀಯೆ?", "ಏನೂ ಓದಿಲ್ಲ. ಪುಸ್ತಕವು ನನ್ನನ್ನು ನೋಡುತ್ತಿದೆ, ನಾನು ಪುಸ್ತಕವನ್ನು ನೋಡುತ್ತಿದ್ದೇನೆ" ಅಂತ ಬರೆದು ಕಳಿಸಿ ನೋಡಿ. ಅರ್ಥ ಒಂದು ಚೂರೂ ಬದಲಾಗಿಲ್ಲ. ಆದರೆ ಒಬ್ಬರೂ ನಗೋದಿಲ್ಲ. ಯಾರಾದರೂ ನಿಮ್ಮ ಆರೋಗ್ಯ ವಿಚಾರಿಸಬಹುದು, ಅಷ್ಟೇ.

ಹಂಗಾದ್ರ ನಗು ಇರೋದು ಎಲ್ಲಿ? ಬಾಯಿಂದ ಬಂದದ್ದನ್ನು ಬಂದ ಹಾಗೇ ಅಕ್ಷರಕ್ಕೆ ಇಳಿಸಿದ್ದರಲ್ಲಿ. ಆ ನಗು ನಮಗೂ ಭಾಳ ಇಷ್ಟ. ಅದನ್ನ ನಿಲ್ಲಿಸ್ರಿ ಅಂತ ಹೇಳೋಕೆ ಈ ಲೇಖನ ಬರೀತಿಲ್ಲ. ನಮ್ಮ ತಕರಾರು ಬೇರೆ. ಬರವಣಿಗೆಯಲ್ಲಿ ಈ ಕನ್ನಡಕ್ಕೆ ನಗಿಸೋ ಕೆಲಸ ಒಂದನ್ನು ಬಿಟ್ಟು ಇನ್ಯಾವ ಕೆಲಸವನ್ನೂ ಈ ಕ್ಯಾಂಪಸ್ಸಿನಲ್ಲಿ ಯಾರೂ ಕೊಡ್ತಿಲ್ಲ. ಅದರಿಂದ ಆಗ್ತಿರೋ ನಷ್ಟ ಸಣ್ಣದಲ್ಲ.

ನಾವು ಯಾರಂದ್ರ

"ನಾವು" ಅಂದರೆ ಇಲ್ಲಿ ಓದೋಕೆ ಬಂದಿರೋ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು. ಬೆಳಗಾವಿ ಜಿಲ್ಲೆಯ ಅಕ್ಕಪಕ್ಕದ ಮೂರು ತಾಲ್ಲೂಕು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮ್ ದಾಟಿ ಬರೋ ಘಟಪ್ರಭೆ ಗೋಕಾಕದಲ್ಲಿ ಫಾಲ್ಸ್ ಆಗಿ ಧುಮುಕಿ ಮುಂದೆ ಹೋಗ್ತಾಳೆ. ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿನೊಳಗೇ ಇತ್ತು, ಇತ್ತೀಚೆಗೆ ಬೇರೆ ತಾಲ್ಲೂಕು ಆಯ್ತು. ಹೊಳಿ ಒಂದೇ, ಕಬ್ಬು ಒಂದೇ, ಮಾತೂ ಹೆಚ್ಚುಕಮ್ಮಿ ಒಂದೇ.

ಊರು ಗೋಕಾಕ ಅಂತ ಹೇಳಿದ ಕೂಡಲೇ ಎರಡು ಪ್ರಶ್ನೆ ಬರ್ತವೆ. ಒಂದು, "ಕರದಂಟು ತಂದ್ಯಾ?" ಇನ್ನೊಂದು, "ಗೋಕಾಕ್ ಚಳವಳಿ ನಿಮ್ಮೂರಲ್ಲೇ ಶುರುವಾಗಿದ್ದಾ?" ಮೊದಲನೇದಕ್ಕೆ ಉತ್ತರ ಹೌದು, ಆದರೆ ರೂಮಿಗೆ ಬರೋದರೊಳಗೆ ಖಾಲಿ. ಎರಡನೇದಕ್ಕೆ ಅಲ್ಲ. 1980ರ ದಶಕದ ಆ ಚಳವಳಿಗೆ ಹೆಸರು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ, ಅವರು ಹುಟ್ಟಿದ್ದು ಸವಣೂರಲ್ಲಿ. ನಮ್ಮೂರ ಪಾಲಿಗೆ ಬಂದದ್ದು ಹೆಸರು ಮಾತ್ರ. ಆದರೂ ಲೆಕ್ಕ ಹೆಂಗಾಗೇತಿ ನೋಡ್ರಿ: ನಮ್ಮೂರ ಹೆಸರು ಅಂದ್ರೆ ಕನ್ನಡದ ಅಭಿಮಾನ, ನಮ್ಮೂರ ಕನ್ನಡ ಅಂದ್ರೆ ಕಾಮಿಡಿ.

ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂ. ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷಿನಲ್ಲೇ ಓದಿದವರು. ಕನ್ನಡ ಅಂದ್ರೆ ದಿನಕ್ಕೊಂದು ಪೀರಿಯಡ್, ಅದರಲ್ಲಿ ಪಠ್ಯಪುಸ್ತಕದ ಕನ್ನಡ. ಮನೆಗೆ ಬಂದು ಬಾಯಿ ತೆಗೆದರೆ ಬೇರೆಯದೇ ಕನ್ನಡ. ಸಾಲ್ಯಾಗ "ಮನೆ", ಮನ್ಯಾಗ "ಮನಿ". ಅಲ್ಲಿ "ಏಕೆ", ಇಲ್ಲಿ "ಯಾಕ". ಎರಡು ಕನ್ನಡದ ನಡುವೆ ಒಂದು ಗೋಡೆ ಇದೆ ಅಂತಲೇ ನಾವು ಬೆಳೆದದ್ದು: ಬರಿಯೋದು ಒಂದು, ಆಡೋದು ಒಂದು. ಅವ್ವ ಮಾತಾಡೋ ಹಾಗೇ ಅಕ್ಷರದಲ್ಲೂ ಬರೀಬಹುದು ಅಂತ ನಮ್ಮಲ್ಲಿ ಬಹಳ ಜನ ಮೊದಲ ಸಲ ನೋಡಿದ್ದು ಪುಸ್ತಕದಲ್ಲಿ ಅಲ್ಲ, ಫೋನಿನಲ್ಲಿ, ಒಂದು ಮೀಮ್‌ನಲ್ಲಿ. ಅದಕ್ಕೇ ಈ ಮೀಮ್‌ಗಳ ಮೇಲೆ ನಮಗೆ ಸಿಟ್ಟಿಲ್ಲ, ಋಣ ಇದೆ. ನಮ್ಮ ಮನೆಮಾತಿಗೂ ಕಾಗುಣಿತ ಉಂಟು ಅಂತ ತೋರಿಸಿಕೊಟ್ಟದ್ದು ಅವೇ.

ನಗು ಬರೋದು ಹೆಂಗ

ಇಂಜಿನಿಯರಿಂಗ್ ಓದೋರಿಗೆ ಒಂದು ಚಟ: ಯಾವುದು ಕೆಲಸ ಮಾಡಿದರೂ ಅದು ಹೇಗೆ ಮಾಡ್ತದೆ ಅಂತ ಬಿಚ್ಚಿ ನೋಡಬೇಕು. ಈ ನಗುವನ್ನೂ ಬಿಚ್ಚಿ ನೋಡೋಣ.

ಮೊದಲನೇದು, ಸಂಕೋಚನ. ಕಂಪ್ರೆಷನ್ ಅಂತೀವಲ್ಲ, ಅದು. "ಮಾಡಲಿಕ್ಕೆ ಹತ್ತಿದ್ದೇನೆ" ಅನ್ನೋ ಎರಡು ಪದ ನಮ್ಮ ಕಡೆ "ಮಾಡಾಕ ಹತ್ತೇನಿ" ಆಗ್ತದೆ, ಆಮೇಲೆ "ಮಾಡಾಕತ್ತೇನಿ" ಆಗ್ತದೆ, ಅವಸರದಲ್ಲಿ "ಮಾಡಾತೇನಿ" ಆಗ್ತದೆ. ಇಷ್ಟು ಕುಗ್ಗಿಸಿದರೂ ಯಾರು, ಏನು, ಯಾವಾಗ ಅನ್ನೋ ಮಾಹಿತಿ ಒಂದೂ ಕಳೆದಿಲ್ಲ. ಲಾಸ್‌ಲೆಸ್ ಕಂಪ್ರೆಷನ್ ಅಂದ್ರೆ ಇದೇ. ಧಾರವಾಡದವರು "ಮಾಡ್ಲಿಕತ್ತೇನಿ" ಅಂತಾರೆ. ಒಬ್ಬ ಮನುಷ್ಯ "ನಾ ಬರಾ..." ಅಂತ ಶುರು ಮಾಡಿ ಹೇಗೆ ಮುಗಿಸ್ತಾನೆ ಅನ್ನೋದರ ಮೇಲೆ ಅವನ ಊರು ಯಾವ ದಿಕ್ಕಿಗೆ ಅಂತ ನಮ್ಮ ಹಿರಿಯರು ಅಂದಾಜು ಕಟ್ತಾರೆ.

ಎರಡನೇದು, ವಾಕ್ಯದ ಬಾಲ. ನಮ್ಮ ಮಾತಿನಲ್ಲಿ ವಾಕ್ಯ ಮುಗಿದ ಮೇಲೆ ಒಂದು ಸಣ್ಣ ಪದ ಬಂದು ಕೂಡ್ತದೆ: ತಗೋ, ನೋಡ, ಬಿಡ. ಇವುಗಳ ಕೆಲಸ ಏನಂತ ರಿಸಲ್ಟ್ ದಿನ ಗೊತ್ತಾಗ್ತದೆ. "ಬ್ಯಾಕ್ ಬಿತ್ತ ತಗೋ" ಅಂದ್ರೆ ಇದು ಆಗೋದೇ ಇತ್ತು, ಆಯ್ತು. "ಪಾಸ್ ಆದ್ನಿ ನೋಡ" ಅಂದ್ರೆ ನನಗೇ ನಂಬಿಕೆ ಬರ್ತಿಲ್ಲ, ನೀನೇ ಸಾಕ್ಷಿ. "ಮುಂದಿನ ಸಲ ನೋಡೂನ ಬಿಡ" ಅಂದ್ರೆ ಈ ವಿಷಯದ ಮೇಲಿನ ಚರ್ಚೆ ಇಲ್ಲಿಗೆ ಮುಗೀತು, ಚಾ ಕುಡಿಯೋಕೆ ನಡಿ. ಎರಡಕ್ಷರದಲ್ಲಿ ಇಷ್ಟು ಮಾತು. ಇದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸೋಕೆ ಹೋದರೆ ಒಂದು ಪ್ಯಾರಾ ಬೇಕು, ಅಷ್ಟೊತ್ತಿಗೆ ಚಾ ಆರಿರ್ತದೆ.

ಮೂರನೇದು, ಜೋಡಿ ತಪ್ಪಿಸೋ ಆಟ. ಗಂಭೀರವಾದ ವಿಷಯ, ಕಟ್ಟೆ ಮೇಲಿನ ಮಾತು. ಉದಾಹರಣೆಗೆ ನಮ್ಮ ರೂಮಿನ ಗೋಡೆ ಮೇಲೆ ಅಂಟಿಸಿರೋ ಥರ್ಮೋಡೈನಮಿಕ್ಸಿನ ಎರಡನೇ ನಿಯಮ: "ಬಿಸಿ ಚಾ ತಾನ ಆರ್ತೈತಿ, ಆರಿದ್ದ ಚಾ ತಾನ ಕಾಯೂದಿಲ್ಲ. ಕಾಯಬೇಕಂದ್ರ ಯಾರರ ಒಬ್ಬರು ಗ್ಯಾಸ್ ಹಚ್ಚಬೇಕ." ಓದಿದವರೆಲ್ಲ ನಗ್ತಾರೆ. ಆದರೆ ನಕ್ಕು ಮುಗಿಸಿ ಮತ್ತೊಂದು ಸಲ ಓದಿ. ಬಿಸಿ ತಾನಾಗಿ ತಣ್ಣಗಿನ ಕಡೆಗೆ ಹರೀತದೆ, ಉಲ್ಟಾ ಹರೀಬೇಕಂದ್ರೆ ಹೊರಗಿನಿಂದ ಕೆಲಸ ಆಗಬೇಕು. ಇದರಲ್ಲಿ ತಪ್ಪೇನಿದೆ? ವೈವಾದಲ್ಲಿ ಇಂಗ್ಲಿಷಿನ ವ್ಯಾಖ್ಯೆ ಬಾಯಿಪಾಠ ಒಪ್ಪಿಸಿ, "ಹಾಗಂದ್ರೆ ಏನು?" ಅಂತ ಕೇಳಿದ ಕೂಡಲೇ ಮೇಲೆ ಫ್ಯಾನ್ ನೋಡೋ ಎಷ್ಟೋ ಜನರಿಗಿಂತ ಈ ಚೀಟಿಗೆ ವಿಷಯ ಚೆನ್ನಾಗಿ ಗೊತ್ತಿದೆ.

ಇನ್ನೊಂದು ಮಾತು, ಲಿಪಿಯ ಬಗ್ಗೆ. ಆಡಿದಂತೆ ಬರೆದು ನಗಿಸೋ ಈ ಕಲೆ ನಮ್ಮದು ಮಾತ್ರ ಅಲ್ಲ. ಸ್ಕಾಟ್ಲೆಂಡಿನ ಹುಡುಗರು ಇದರಲ್ಲಿ ಪಳಗಿದವರು. ಇಂಗ್ಲಿಷಿನ "ಡೋಂಟ್" ಅವರ ಬಾಯಲ್ಲಿ "ಡಿನ್ನೆ", "ಕಾಂಟ್" ಅನ್ನೋದು "ಕ್ಯಾನ್ನೆ". ಅದನ್ನ ಹಾಗೇ ಬರೀತಾರೆ, ಇಡೀ ಜಗತ್ತು ನಗ್ತದೆ. ಆದರೆ ಇಂಗ್ಲಿಷಿನಲ್ಲಿ ಬರಿಯೋದಕ್ಕೂ ಓದೋದಕ್ಕೂ ಮೊದಲಿಂದಲೇ ಜಗಳ, ಹಾಗಾಗಿ ಅವರು ಪ್ರತಿ ಪದಕ್ಕೂ ಸ್ಪೆಲಿಂಗ್ ಜೊತೆ ಕುಸ್ತಿ ಮಾಡಬೇಕು. ನಮ್ಮ ಲಿಪಿ ಪುಣ್ಯವಂತ ಲಿಪಿ. ಬ್ಯಾಡ ಅಂದ್ರೆ ಬ್ಯಾಡ, ಪ್ಯಾಟಿ ಅಂದ್ರೆ ಪ್ಯಾಟಿ. ಹಂಗಂತ ಪೂರ್ತಿ ಸಲೀಸೂ ಅಲ್ಲ. "ಮ್ಯಾಲ" ಅನ್ನುವಾಗ ನಾವು ಆಡೋ ಸ್ವರಕ್ಕೆ ಸ್ವಂತ ಅಕ್ಷರ ಇಲ್ಲ, ಯ ಒತ್ತು ಹಚ್ಚಿ ಕೆಲಸ ನಡೆಸ್ತೇವೆ. ಎಷ್ಟ, ಎಷ್ಟು, ಎಷ್ಟ್ — ಮೂರರಲ್ಲಿ ಯಾವುದು ಸರಿ ಅಂತ ನಮ್ಮನಮ್ಮಲ್ಲೇ ಜಗಳ ಇದೆ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರಂತೂ ಳ ಹೋಯ್ತು, ಣ ಹೋಯ್ತು, ದೀರ್ಘ ಹೋಯ್ತು, ಹೊಳಿ ಮತ್ತು ಹೋಳಿ ಎರಡೂ ಒಂದೇ ಆಗಿ ಹರಿದು ಹೋದವು. ಈ ಮಾತಿನ ನಿಜವಾದ ರುಚಿ ಇರೋದು ಕನ್ನಡ ಅಕ್ಷರದಲ್ಲೇ.

ಡುಪ್ಲಿಕೇಟ್ ಮಾಲು

ನಗು ಕೆಲಸ ಮಾಡೋದು ಕಿವಿ ಸರಿ ಇದ್ದಾಗ. ಕಿವಿ ಇಲ್ಲದೆ ಬರೆದ "ಉತ್ತರ ಕರ್ನಾಟಕ ಕಾಮಿಡಿ" ಒಂದಿದೆ. ಅದರ ರೆಸಿಪಿ ಸರಳ. ಬೆಂಗಳೂರು ಕನ್ನಡದ ಒಂದು ವಾಕ್ಯ ತಗೋಬೇಕು, ಕೊನೆಗೆ "ರೀ" ಸೇರಿಸಬೇಕು, ಎಲ್ಲೆಲ್ಲಿ ಜಾಗ ಇದೆಯೋ ಅಲ್ಲೆಲ್ಲ "ಐತಿ" ಸುರೀಬೇಕು, ಮೇಲೆ ಒಂದು "ಯಪ್ಪಾ", ಒಗ್ಗರಣೆಗೆ ಎರಡು ಬೈಗುಳ. "ಏ ಮಗನೇ, ನಾನು ಬರ್ತಾ ಐತ್ರೀ ಯಪ್ಪಾ!" ಹೀಗೆ ಗೋಕಾಕದಲ್ಲಿ ಮಾತಾಡಿದರೆ ಜನ ನಗೋದಿಲ್ಲ, ದವಾಖಾನಿಗೆ ಕರ್ಕೊಂಡು ಹೋಗ್ತಾರೆ.

"ಐತಿ"ಗೆ ವ್ಯಾಕರಣ ಇದೆ ದೋಸ್ತ್ರೇ. ನಾ ಅದೇನಿ. ನೀ ಅದಿ. ಅವ ಅದಾನ. ಅಕಿ ಅದಾಳ. ಅವರು ಅದಾರ. ಬಸ್ಸ ಐತಿ. ಎತ್ತ ಅದಾವ. ಕೂಸ ಇನ್ನೂ ಸಣ್ಣದಿದ್ದರೆ "ಮಲಗೈತಿ" ಅಂತಾರೆ, ಬೆಳೆದು ನಿಂತ ಮಗನಿಗೆ "ಮಲಗ್ಯಾನ" ಅಂತಾರೆ. ಮನುಷ್ಯರಿಗೆಲ್ಲ "ಐತಿ" ಹಚ್ಚೋದು ಅಂದ್ರೆ ಸ್ಟ್ರಿಂಗ್ ಇಡಬೇಕಾದಲ್ಲಿ ಇಂಟಿಜರ್ ಇಟ್ಟಂಗ. ಕಂಪೈಲರ್ ಆಗಿದ್ದರೆ ಅಲ್ಲೇ ಎರರ್ ಕೊಡ್ತಿತ್ತು, ಮೀಮ್‌ಗೆ ಕಂಪೈಲರ್ ಇಲ್ಲ.

"ರಿ"ಗೂ ಹಾಗೇ. ಅದು ಅಲಂಕಾರಕ್ಕೆ ಹಚ್ಚೋ ಸ್ಟಿಕ್ಕರ್ ಅಲ್ಲ, ಮರ್ಯಾದೆ. ಹಿರಿಯರಿಗೆ, ಪಾವ್ಣ್ಯಾರಿಗೆ, ಗುರುತಿಲ್ಲದವರಿಗೆ "ಬರ್ರಿ". ಜೊತೆಗಾರನಿಗೆ "ಬಾರಲೇ". ಎರಡನ್ನೂ ಒಂದೇ ಉಸಿರಲ್ಲಿ ಒಬ್ಬನಿಗೇ ಹೇಳಿದರೆ ಅವನಿಗೆ ಮರ್ಯಾದೆ ಕೊಟ್ಟಿರೋ, ತೆಗೆದಿರೋ ಅಂತ ಗೊತ್ತಾಗೋದಿಲ್ಲ. ಇನ್ನು ಬೈಗುಳ. ನಮ್ಮ ಕಡೆ ಬೈಗುಳ ಇಲ್ಲ ಅಂತ ನಾವು ಸುಳ್ಳು ಹೇಳೋದಿಲ್ಲ, ಭಾಳ ಅದಾವ, ಒಂದಕ್ಕಿಂತ ಒಂದು ಮಸ್ತ ಅದಾವ. ಆದರೆ ಯಾರು ಯಾರಿಗೆ ಯಾವಾಗ ಅನ್ನೋ ಲೆಕ್ಕ ಪಕ್ಕಾ ಇರ್ತದೆ. ಮೂರು ಮಾತಿಗೊಮ್ಮೆ ಬೈಯೋ ಮನುಷ್ಯ ಮೀಮ್‌ನಲ್ಲಿ ಮಾತ್ರ ಸಿಗ್ತಾನೆ.

ಈ ಡುಪ್ಲಿಕೇಟ್ ಮಾಲಿನಿಂದ ಏನು ತೊಂದರೆ ಅಂತ ಕೇಳಬಹುದು. ಸ್ಕಾಟ್ಲೆಂಡಿಗೇ ಮತ್ತೊಮ್ಮೆ ಹೋಗಿ ಬರೋಣ. ಅವರ ಮಾತಿಗೆ ಸ್ಕಾಟ್ಸ್ ಅಂತ ಹೆಸರು, ಆ ಮಾತಿನಲ್ಲಿ ಒಂದು ವಿಕಿಪೀಡಿಯಾ ಇದೆ. 2020ರಲ್ಲಿ ಒಂದು ಸಂಗತಿ ಬಯಲಾಯ್ತು: ಅದರ ಸಾವಿರಾರು ಲೇಖನಗಳನ್ನು ಬರೆದವನು ಅಮೆರಿಕದ ಒಬ್ಬ ಹದಿಹರೆಯದ ಹುಡುಗ. ಅವನಿಗೆ ಸ್ಕಾಟ್ಸ್ ಬರ್ತಿರಲಿಲ್ಲ. ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ತಿರುಚಿ ವರ್ಷಗಟ್ಟಲೆ ಬರೆದಿದ್ದ. ಕೆಟ್ಟ ಉದ್ದೇಶ ಇರಲಿಲ್ಲ, ಸಹಾಯ ಮಾಡ್ತಿದ್ದೇನೆ ಅಂತಲೇ ನಂಬಿದ್ದ. ಆದರೆ ಆ ಲೇಖನಗಳನ್ನು ಓದಿದವರಿಗೆ ಸ್ಕಾಟ್ಸ್ ಅಂದ್ರೆ ಕಾಗುಣಿತ ತಪ್ಪಿದ ಇಂಗ್ಲಿಷ್ ಅಂತಲೇ ಅನ್ನಿಸಿದರೆ ತಪ್ಪು ಯಾರದು? ನಕಲು ಹೆಚ್ಚಾದರೆ ಅಸಲಿಗೇ ನಕಲಿನ ಮುಖ ಬರ್ತದೆ. "ಉತ್ತರ ಕರ್ನಾಟಕದ ಕನ್ನಡ ಅಂದ್ರೆ ಇಷ್ಟೇ ಅಲ್ವಾ, ಐತಿ ಹಾಕಿದ್ರೆ ಆಯ್ತು" ಅಂತ ನಮಗೇ ಕ್ಲಾಸ್‌ಮೇಟ್ಸ್ ಹೇಳ್ತಾರೆ.

ಒಂದು ಮೆಸೇಜು

ಈಗ ನಗು ಬರದ ಒಂದು ಮಾತು. ಒಂದು ಕ್ಲಾಸಿನ ಗ್ರೂಪಿನಲ್ಲಿ ನಮ್ಮ ಕಡೆಯ ಒಬ್ಬ ಜೂನಿಯರ್ ಹುಡುಗ ರಾತ್ರಿ ಹೀಗೆ ಬರೆದ:

"ಅಜ್ಜಗ ಆರಾಮಿಲ್ಲ, ನಾ ಊರಿಗಿ ಹೊಂಟೇನಿ. ನಾಳಿ ಲ್ಯಾಬ್ ರೆಕಾರ್ಡ್ ಯಾರರ ಕೊಟ್ಟ ಬಿಡ್ರಿ."

ಅದರ ಕೆಳಗೆ ಮೂರು ನಗೋ ಮುಖ ಬಿದ್ದವು. ಒಬ್ಬ "ಹೊಂಟೇನಿ" ಅನ್ನೋ ಒಂದೇ ಪದ ಎತ್ತಿ ಮತ್ತೆ ಬರೆದು ಮುಂದೆ ನಗು ಹಚ್ಚಿದ. ಎರಡು ನಿಮಿಷ ಬಿಟ್ಟು ಆ ಹುಡುಗ ತನ್ನ ಮೆಸೇಜ್ ಅಳಿಸಿ, ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದ. ಈಗ ಉತ್ತರ ಬಂದವು: "ಟೇಕ್ ಕೇರ್ ಬ್ರೋ", "ಗೆಟ್ ವೆಲ್ ಸೂನ್ ಟು ಗ್ರ್ಯಾಂಡ್‌ಪಾ", "ರೆಕಾರ್ಡ್ ನಾನು ಕೊಡ್ತೀನಿ".

ಅಜ್ಜ ಒಬ್ಬನೇ, ಕಾಯಿಲೆ ಒಂದೇ, ಹುಡುಗ ಒಬ್ಬನೇ.

ನಕ್ಕವರು ಕೆಟ್ಟವರಲ್ಲ. ಅವರನ್ನು ನಮಗೆ ಗೊತ್ತು, ಸಹಾಯಕ್ಕೆ ಮೊದಲು ಬರೋರೂ ಅವರೇ. ರೆಕಾರ್ಡ್ ಕೊಡ್ತೀನಿ ಅಂದವನೂ ಮೊದಲು ನಕ್ಕವನೇ. ಆದರೆ ಅವರ ಕಣ್ಣಿಗೆ ಆ ಥರದ ಅಕ್ಷರ ಬಿದ್ದ ಕೂಡಲೇ "ಇದು ಜೋಕು" ಅಂತ ಮೊದಲೇ ತೀರ್ಮಾನ ಆಗಿಹೋಗಿರ್ತದೆ. ಅಂಥ ಅಕ್ಷರದಲ್ಲಿ ಜೋಕು ಬಿಟ್ಟು ಬೇರೇನನ್ನೂ ಅವರು ನೋಡೇ ಇಲ್ಲವಲ್ಲ. ಟ್ರೇನಿಂಗ್ ಡೇಟಾ ಅಷ್ಟೇ ಇದ್ದರೆ ಮಾಡೆಲ್ ಏನು ಮಾಡ್ತದೆ?

ಆ ಹುಡುಗ ಅಂದಿನಿಂದ ಗ್ರೂಪಿನಲ್ಲಿ ಇಂಗ್ಲಿಷಿನಲ್ಲೇ ಬರೀತಾನೆ. ಇದು ನಮ್ಮ ತಕರಾರಿನ ಜೀವ. ಮೀಮ್‌ನಿಂದ ಮಾತು ಸಾಯೋದಿಲ್ಲ. ಮೀಮ್ ಮಾತ್ರ ಉಳಿದಾಗ ಸಾಯ್ತದೆ.

ಮೊದಲಿಂದ ಹಿಂಗಿತ್ತೇನು?

ಇರಲಿಲ್ಲ. ಇದನ್ನು ಹೇಳೋಕೆ ನಾವು ದೂರ ಹೋಗಬೇಕಿಲ್ಲ, ನಮ್ಮ ಮೂರು ತಾಲ್ಲೂಕಿನೊಳಗೇ ಅಡ್ಡಾಡಿ ಬಂದರೆ ಸಾಕು.

ಹುಕ್ಕೇರಿ ತಾಲ್ಲೂಕಿನಲ್ಲಿ ಘೋಡಗೇರಿ ಅಂತ ಒಂದು ಹಳ್ಳಿ. ಅಲ್ಲಿ 1937ರಲ್ಲಿ ಹುಟ್ಟಿದವರು ಚಂದ್ರಶೇಖರ ಕಂಬಾರರು. "ಜೋಕುಮಾರಸ್ವಾಮಿ", "ಸಿರಿಸಂಪಿಗೆ", "ಕರಿಮಾಯಿ" ಇವರವು. ನಾಟಕದಲ್ಲಿ ಗೌಡನೂ, ಹೊಲ ಮಾಡೋವನೂ, ಹೆಂಗಸರೂ ಮಾತಾಡೋದು ನಮ್ಮ ಕಡೆಯ ಮಾತನ್ನೇ. ಅದರಲ್ಲಿ ನಗು ಬೇಕಾದಷ್ಟಿದೆ. ಜೊತೆಗೆ ಆಸೆ ಇದೆ, ಭೂಮಿಯ ಜಗಳ ಇದೆ, ಕೊಲೆ ಇದೆ, ದೇವರಿದೆ. ಆ ಬರವಣಿಗೆಗೆ 2010ನೇ ಸಾಲಿನ ಜ್ಞಾನಪೀಠ ಬಂತು. ನಾವು ಫೋನಿನಲ್ಲಿ ಜೋಕಿಗೆ ಮಾತ್ರ ಬಳಸೋ ಮಾತು ಅಲ್ಲಿ ಇಡೀ ಊರಿನ ಬದುಕನ್ನ ಹೊತ್ತಿದೆ.

ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು "ಆನಂದಕಂದ" ಅನ್ನೋ ಹೆಸರಲ್ಲಿ ಬರೆದರು. ಅವರ "ನಲ್ವಾಡುಗಳು" ಸಂಗ್ರಹದ ಹಾಡುಗಳು ಹಳ್ಳಿಯ ಗಂಡು–ಹೆಣ್ಣಿನ ಮಾತಿನಲ್ಲೇ ಪ್ರೀತಿ ಆಡ್ತವೆ. ಮೂಡಲಗಿ ಕಡೆ ಕುಲಗೋಡ ಇದೆ. ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಆಟ, ಕೌಜಲಗಿ ನಿಂಗಮ್ಮ ಅದರ ದೊಡ್ಡ ಕಲಾವಿದೆ. ಪಾರಿಜಾತದಲ್ಲಿ ಕೃಷ್ಣ, ಸತ್ಯಭಾಮೆ, ರುಕ್ಮಿಣಿ ಎಲ್ಲರೂ ಬಂದು ನಿಲ್ಲೋದು ನಮ್ಮ ಊರಿನ ಅಂಗಳಕ್ಕೆ. ಒಂದು ಹೂವಿಗಾಗಿ ಭಾಮೆ ಮುನಿಸಿಕೊಂಡಾಗ ಜನ ನಗ್ತಾರೆ, ಅವಳು ಅತ್ತಾಗ ಸುಮ್ಮನಾಗ್ತಾರೆ. ಒಂದೇ ಆಟ, ಒಂದೇ ರಾತ್ರಿ, ಒಂದೇ ಕನ್ನಡ. ಯಾವುದಕ್ಕೆ ನಗಬೇಕು, ಯಾವುದಕ್ಕೆ ನಗಬಾರದು ಅಂತ ಕ್ಯಾಪ್ಷನ್ ಹಾಕಿ ಹೇಳೋ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಸ್ವಲ್ಪ ಆಚೆ ನೋಡಿದರೂ ಹೀಗೇ. ಮಗು ತೀರಿಕೊಂಡಾಗಿನ ದುಃಖವನ್ನು ಬೇಂದ್ರೆಯವರು ಬರೆದದ್ದು ಧಾರವಾಡದ ಆಡುಮಾತಿನಲ್ಲಿ. ಜಿ.ಪಿ. ರಾಜರತ್ನಂ "ರತ್ನನ ಪದಗಳು" ಬರೆದಾಗ ಒಬ್ಬ ಕುಡುಕನ ತೊದಲು ಉಚ್ಚಾರಣೆಯನ್ನೇ ಕಾಗುಣಿತ ಮಾಡಿದರು. ಮೊದಲು ನಗು ಬರ್ತದೆ, ಆಮೇಲೆ ಗಂಟಲು ಕಟ್ತದೆ. 2022ರಲ್ಲಿ "ಕಾಂತಾರ" ಬಂದಾಗ ಕರಾವಳಿಯ ಕನ್ನಡವನ್ನು ಇಡೀ ರಾಜ್ಯ ಕೇಳಿತು. ಅದರಲ್ಲೂ ನಗು ಇತ್ತು, ಆದರೆ ಕೊನೆಯ ಇಪ್ಪತ್ತು ನಿಮಿಷ ಥಿಯೇಟರಿನಲ್ಲಿ ಯಾರೂ ಆ ಮಾತಿಗೆ ನಗಲಿಲ್ಲ. ಕರಾವಳಿಯ ಮಾತಿಗೆ ಸಿಕ್ಕ ಆ ಇಪ್ಪತ್ತು ನಿಮಿಷ ನಮ್ಮ ಮಾತಿಗೂ ಬೇಕು. ನಮಗೆ ಸಿನಿಮಾದಲ್ಲಿ ಹೆಚ್ಚಾಗಿ ಸಿಗೋದು ಹೀರೋನ ದೋಸ್ತನ ಪಾತ್ರ, ಇಲ್ಲಾಂದ್ರೆ ಹೋಟೆಲ್ ಸಪ್ಲೈಯರ್.

ಸ್ಕಾಟ್ಲೆಂಡಿನ ಕಥೆಯೂ ಇಷ್ಟೇ. ಡಿಸೆಂಬರ್ 31ರ ರಾತ್ರಿ ಜಗತ್ತಿನ ಅರ್ಧ ಜನ ಕೈ ಕೈ ಹಿಡಿದು ಹಾಡೋ "ಆಲ್ಡ್ ಲ್ಯಾಂಗ್ ಸೈನ್" ರಾಬರ್ಟ್ ಬರ್ನ್ಸ್ ಬರೆದುಕೊಟ್ಟ ಸ್ಕಾಟ್ಸ್ ಹಾಡು. ಜೇಮ್ಸ್ ಕೆಲ್ಮನ್ ಗ್ಲಾಸ್ಗೋದ ಆಡುಮಾತಿನಲ್ಲಿ ಬರೆದ ಕಾದಂಬರಿಗೆ 1994ರ ಬುಕರ್ ಬಂದಾಗ ತೀರ್ಪುಗಾರರಲ್ಲೇ ಒಬ್ಬರು ಬಹಿರಂಗವಾಗಿ ವಿರೋಧಿಸಿದರು. 2025ರಲ್ಲಿ ಅಲ್ಲಿನ ಸಂಸತ್ತು ಸ್ಕಾಟ್ಸ್‌ಗೆ ಅಧಿಕೃತ ಸ್ಥಾನ ಕೊಡೋ ಕಾನೂನು ಪಾಸು ಮಾಡಿತು. ಅವರೂ ನಗ್ತಾನೇ ಇದ್ದಾರೆ, ಜೊತೆಗೆ ಬೇರೆ ಕೆಲಸವನ್ನೂ ಆ ಮಾತಿನಿಂದ ಮಾಡಿಸ್ತಿದ್ದಾರೆ. ಒಂದು ವ್ಯತ್ಯಾಸ ಮಾತ್ರ ಇದೆ. ಅವರು ತಮ್ಮದು ಇಂಗ್ಲಿಷಿಗಿಂತ ಬೇರೆ ಭಾಷೆ ಅಂತಾರೆ. ನಾವು ಹಂಗ ಅನ್ನೋದಿಲ್ಲ. ನಮ್ಮದು ಕನ್ನಡವೇ, ಪೂರಾ ಕನ್ನಡ.

"ಎಲ್ಲರಿಗೂ ತಿಳಿಯೋ ಕನ್ನಡ ಬೇಡ್ವಾ?"

ಬೇಕು. ಮಂಗಳೂರು, ಮೈಸೂರು, ಕಲಬುರಗಿ, ಕೋಲಾರದವರೆಲ್ಲ ಒಂದೇ ಕ್ಯಾಂಪಸ್ಸಿನಲ್ಲಿರುವಾಗ ಎಲ್ಲರಿಗೂ ಸಲ್ಲೋ ಒಂದು ಬರಹದ ಕನ್ನಡ ಬೇಕೇ ಬೇಕು. ಈ ಲೇಖನವೂ ಮುಕ್ಕಾಲು ಪಾಲು ಅದರಲ್ಲೇ ಇದೆ, ಮೊದಲ ವರ್ಷದ ಸಾಂಸ್ಕೃತಿಕ ಕನ್ನಡ ಪೇಪರಿಗೂ ನಾವು ಅದರಲ್ಲೇ ಓದಿದ್ದು. ಅದು ಬಸ್ ಸ್ಟ್ಯಾಂಡ್ ಇದ್ದಂಗ. ಎಲ್ಲಾ ಊರಿನವರೂ ಬಂದು ಕೂಡೋ ಜಾಗ, ಭಾಳ ಉಪಯೋಗ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಸಂಸಾರ ಮಾಡೋದಿಲ್ಲ.

"ಒಂದು ಜೋಕಿಗೆ ಇಷ್ಟು ಸೀರಿಯಸ್ಸಾ?" ಅಂತ ಕೇಳೋರಿಗೆ ನಮ್ಮ ಬ್ರಾಂಚಿನ ಭಾಷೆಯಲ್ಲೇ ಉತ್ತರ. ಇವತ್ತು ನಾವು ಅಕ್ಷರದಲ್ಲಿ ಏನು ಬಿಟ್ಟು ಹೋಗ್ತೇವೋ ನಾಳೆ ಯಂತ್ರಗಳು ಅದನ್ನೇ ಕಲೀತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ "ವಾಣಿ" ಅನ್ನೋ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಯ ಜನರ ಮಾತು ದಾಖಲಿಸ್ತಿದೆ. ಅಂಥ ಕೆಲಸದಲ್ಲಿ ಧ್ವನಿಯನ್ನು ಅಕ್ಷರಕ್ಕೆ ಇಳಿಸೋರು "ಐತಿ" ಅನ್ನೋದನ್ನ "ಐತಿ" ಅಂತಲೇ ಬರೀಬೇಕಾ, "ಇದೆ" ಅಂತ ತಿದ್ದಬೇಕಾ? ನಾಳೆ ನಮ್ಮ ಅವ್ವ ಫೋನಿಗೆ "ಹೊಲಕ್ಕ ನೀರ ಬಿಡೂ ಪಾಳಿ ಯಾವಾಗ ಐತಿ" ಅಂತ ಕೇಳಿದರೆ ಅದಕ್ಕೆ ಅರ್ಥ ಆಗಬೇಕಂದ್ರೆ, ಇಂಥ ಮಾತಿನ ಬರಹ ಎಲ್ಲಾದರೂ ಇರಬೇಕಲ್ಲ? ನೀರಿನ ಪಾಳಿ ಕೇಳಿದವರಿಗೆ ಯಂತ್ರ ಜೋಕು ಹೇಳಿದರೆ ಬೆಳೆ ಒಣಗ್ತದೆ.

ನಾವು ಕೇಳೋದು ಇಷ್ಟು

ಒಂದು, ನಮ್ಮ ಕನ್ನಡ ಸಂಘಕ್ಕೆ. ಈ ಪತ್ರಿಕೆಯ ನಗೆ ವಿಭಾಗದಲ್ಲಿ ಆಡುಮಾತಿಗೆ ಕೆಂಪು ಗುರುತು ಬೀಳೋದಿಲ್ಲ. ಅನುಭವ ಬರಹ, ಕವನ, ಇಂಟರ್ನ್‌ಶಿಪ್ ವರದಿ ಕಳಿಸಿದರೆ "ಮನಿ" ತಿದ್ದಿ "ಮನೆ" ಆಗಿ ಬರ್ತದೆ. ಈ ನಿಯಮ ಬದಲಾಗಲಿ. ಬರೆದವರು ತಿಳಿದೇ ಹಾಗೆ ಬರೆದಿದ್ದರೆ ಹಾಗೇ ಇರಲಿ, ತಿಳಿಯದ ಪದಕ್ಕೆ ಪಕ್ಕದಲ್ಲೇ ಅರ್ಥ ಕೊಟ್ಟರಾಯ್ತು. ಗೋಕಾಕದ್ದಷ್ಟೇ ಅಲ್ಲ, ಕುಂದಾಪುರದ್ದು, ಚಾಮರಾಜನಗರದ್ದು, ಬೀದರದ್ದೂ ಬರಲಿ.

ಎರಡು, ರಾಜ್ಯೋತ್ಸವದ ಸ್ಕಿಟ್ ಮಾಡೋರಿಗೆ. ನಮ್ಮ ಮಾತು ಬಳಸ್ರಿ, ಬೇಡ ಅನ್ನೋದಿಲ್ಲ. ಸ್ಕ್ರಿಪ್ಟ್ ನಮ್ಮಲ್ಲಿ ಯಾರಿಗಾದರೂ ಒಂದು ಸಲ ತೋರಿಸ್ರಿ. "ಐತಿ" ಎಲ್ಲಿ, "ಅದಾನ" ಎಲ್ಲಿ ಅಂತ ಹೇಳಿಕೊಡ್ತೇವೆ. ಫೀಸು ಒಂದು ಕಟ್ಟಿಂಗ್ ಚಾ. ಸರಿಯಾಗಿ ಬರೆದದ್ದು ಇನ್ನೂ ಹೆಚ್ಚು ನಗಿಸ್ತದೆ, ಅದು ನಮ್ಮ ಗ್ಯಾರಂಟಿ. ಸಾಧ್ಯವಾದರೆ ಆ ಕಡೆಯ ಪಾತ್ರಕ್ಕೆ ಒಂದಾದರೂ ನಗಿಸದ ಡೈಲಾಗ್ ಕೊಡ್ರಿ.

ಮೂರು, ನಮ್ಮ ಕಡೆಯವರಿಗೆ, ಮುಖ್ಯವಾಗಿ ಜೂನಿಯರ್‌ಗಳಿಗೆ. ಮೀಮ್ ಮಾಡ್ರಿ, ಭರ್ತಿ ಮಾಡ್ರಿ. ಅದರ ಜೊತೆ ಅವ್ವ ಫೋನಿನಲ್ಲಿ ಹೇಳಿಕೊಟ್ಟ ಪಲ್ಯದ ರೀತಿ ಅವ್ವ ಹೇಳಿದಂಗ ಬರದ ಇಡ್ರಿ. ಅಜ್ಜ ಹೇಳೋ ಹೊಳಿ ಬಂದ ವರ್ಷದ ಕಥಿ ಬರೀರಿ. ಸಿಟ್ಟು ಬಂದರೆ ಈ ಮಾತಿನಲ್ಲೇ ಬರೀರಿ, ಬ್ಯಾಸರ ಆದರೆ ಈ ಮಾತಿನಲ್ಲೇ ಬರೀರಿ, ಡೌಟ್ ಕೇಳೋದಿದ್ದರೂ ಬರೀರಿ. ಮೊದಲ ಹತ್ತು ಸಲ ಯಾರಾದರೂ ನಗಬಹುದು. ಹನ್ನೊಂದನೇ ಸಲ ಓದ್ತಾರೆ.

ನಾಲ್ಕು, ಉಳಿದ ಎಲ್ಲಾ ದೋಸ್ತರಿಗೆ. ಇದು ನಮ್ಮ ಮಾತಿನಲ್ಲೇ ಹೇಳತೇವಿ, ತಿದ್ದಬ್ಯಾಡ್ರಿ. ನಗ್ರಿ, ನಿಮ್ಮ ಜೋಡಿ ನಾವೂ ನಗತೇವಿ. ನಗೂ ಮುಖ ಒತ್ತೂಕಿಂತ ಮೊದಲ ಒಂದ ಸಲ ಪೂರಾ ಓದ್ರಿ. ಅದರಾಗ ಯಾರದರ ಅಜ್ಜಗ ಆರಾಮ ಇರಾಕಿಲ್ಲ.